ಪೇಷೆಂಟ್ ಕಡೆಯವರಿಗೂ ಒಬ್ಬರು ಬೇಕು

ತುಮಕೂರಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಐದು ತಿಂಗಳ ಹಿಂದೆ ಅವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಪ್ಯಾಲಿಯೇಟಿವ್ ಕೇರ್ ವಾರ್ಡಿಗೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವ ವಾರ್ಡಿಗೆ, ವಾರಕ್ಕೊಮ್ಮೆ ಬರುತ್ತಿದ್ದ ಸ್ವಯಂಸೇವಕಿಯೊಬ್ಬರನ್ನು ಮರೆಯೋಕೇ ಆಗುತ್ತಿಲ್ಲವಂತೆ. "'ನೀವು ಊಟ ಮಾಡ್ಕೊಂಡು ಬನ್ನಿ, ನಾನಿರ್ತೀನಿ' ಅನ್ನುತ್ತಿದ್ದರು. ನಾನೂ ಹಾಗೆ ಹೋಗಬೇಕು ಅನ್ನಿಸುತ್ತೆ. ಆದರೆ ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅಂಥವರ ಹತ್ತಿರ ಕೂತು ಏನು ಮಾತಾಡಲಿ? ಅತ್ತುಬಿಟ್ಟರೆ? ನಮ್ಮತ್ತೆ ಬೇರೆ, ಅಲ್ಲಿಗೆಲ್ಲ ಹೋಗೋದು ಒಳ್ಳೇದಲ್ಲ ಅಂತಾರೆ" ಎಂದು ಕೇಳಿದ್ದಾರೆ.

ಅತ್ತೆಯವರ ಮಾತಿನಿಂದಲೇ ಶುರು ಮಾಡೋಣ, ಅದು ಸುಲಭ. ಬಂದ ಕೂಡಲೇ ಸ್ನಾನ ಮಾಡು ಅಂದರೆ ಮಾಡಿಬಿಡಿ, ಸುಮ್ನೆ ಜಗಳ ಯಾಕೆ? ನಿಜ ಹೇಳಬೇಕೆಂದರೆ ಶುಚಿಯ ಚಿಂತೆ ಹೋಗುವ ಮುಂಚೆಯೇ ಜಾಸ್ತಿ ಬೇಕು. ಕೀಮೊ ತಗೊಂಡವರಿಗೆ ಸೋಂಕು ಬೇಗ ತಗಲುತ್ತದೆ. ನಿಮಗೆ ನೆಗಡಿ, ಕೆಮ್ಮು ಇದ್ದರೆ ಆ ವಾರ ಮನೆಯಲ್ಲೇ ಇರಿ. ಅವರ ಕ್ಯಾನ್ಸರ್ ನಿಮಗೆ ಅಂಟುವುದಿಲ್ಲ, ನಿಮ್ಮ ನೆಗಡಿ ಅವರಿಗೆ ಅಂಟುತ್ತದೆ.

ಇನ್ನು, ಏನು ಮಾತಾಡಲಿ ಅನ್ನೋ ಪ್ರಶ್ನೆ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಆ ಹೆಂಗಸು ಆಡಿದ ಮಾತುಗಳಲ್ಲಿ ನಿಮ್ಮ ನೆನಪಿನಲ್ಲಿ ಉಳಿದಿರುವುದು ಒಂದೇ. ಊಟ ಮಾಡ್ಕೊಂಡು ಬನ್ನಿ, ನಾನಿರ್ತೀನಿ. ಅದನ್ನು ಹೇಳಿದ್ದು ನಿಮ್ಮ ತಂಗಿಗಲ್ಲ, ನಿಮಗೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕಲಬುರಗಿ, ಆಂಧ್ರದ ಕಡೆಯಿಂದೆಲ್ಲ ಜನ ಬರುತ್ತಾರೆ. ಅಲ್ಲಿರಲಿ, ಬೇರೆ ಯಾವ ದೊಡ್ಡ ಆಸ್ಪತ್ರೆಯಲ್ಲೇ ಇರಲಿ, ಮಂಚದ ಮೇಲಿರುವವರನ್ನು ಡಾಕ್ಟರು, ಸಿಸ್ಟರು ನೋಡಿಕೊಳ್ಳುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಕೂತವರನ್ನು ಯಾರು ನೋಡಬೇಕು? ಅವರ ತೊಡೆಯ ಮೇಲೆ ಸ್ಕ್ಯಾನ್ ರಿಪೋರ್ಟಿನ ಪ್ಲಾಸ್ಟಿಕ್ ಕವರ್, ಅದರೊಳಗೇ ರೇಷನ್ ಕಾರ್ಡು, ಆಧಾರ್ ಜೆರಾಕ್ಸು. "ಪೇಷೆಂಟ್ ಕಡೆಯವರು ಯಾರ್ರೀ?" ಎಂದು ಯಾವಾಗ ಕೂಗುತ್ತಾರೋ ಅಂತ ಸ್ನಾನಕ್ಕೆ ಹೋಗೋಕೂ ಹೆದರಿಕೆ. ಊರಲ್ಲಿ ಹಸು, ಮಕ್ಕಳು, ಕಟ್ಟಬೇಕಾದ ಸಾಲದ ಕಂತು. ಫೋನಿನ ಚಾರ್ಜ್ ಮುಗಿದಿದೆ. ಅಂಥವರಿಗೆ ಒಂದು ಗಂಟೆ ಬಿಡುವು ಕೊಟ್ಟರೆ, ಸ್ಕೀಮಿನ ಫಾರಂ ತುಂಬಿಕೊಟ್ಟರೆ, ಡಾಕ್ಟರು ಹೇಳಿದ ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರೆ ನಿಮ್ಮ ಆ ದಿನದ ಕೆಲಸ ಆಯಿತು. ಹೀಗಾಗಿ, ನನ್ನನ್ನು ಕೇಳಿದರೆ, ಸ್ಟೂಲಿನ ಮೇಲೆ ಕೂತವರಿಗಾಗಿ ಹೋಗಿ. ಮಂಚದ ಮೇಲಿರುವವರು ಮಾತು ಬೇಕೆಂದರೆ ತಾವೇ ಕರೆಯುತ್ತಾರೆ.

ಕರೆದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. "ನಂಗೆ ವಾಸಿ ಆಗುತ್ತೇನಮ್ಮಾ?" ನಮ್ಮ ಮನೆಗಳಲ್ಲಿ ಕಾಯಿಲೆಯ ಹೆಸರನ್ನೂ ರೋಗಿಯಿಂದ ಮುಚ್ಚಿಡುವುದುಂಟು, ಅಲ್ವಾ? ಆಗುತ್ತೆ ಅಂದರೆ ಸುಳ್ಳು, ಆಗಲ್ಲ ಅನ್ನೋಕೆ ನೀವು ಯಾರು? "ಯಾಕೆ ಹಾಗೆ ಅನ್ನಿಸ್ತು?" ಎಂದು ಕೇಳಿ ಸುಮ್ಮನಿರಿ. ಬಹಳ ಸಲ ಅವರಿಗೆ ಗೊತ್ತೇ ಇರುತ್ತದೆ, ಮನೆಯವರಿಗೆ ನೋವಾಗಬಾರದೆಂದು ಬಾಯಿ ಬಿಟ್ಟಿರುವುದಿಲ್ಲ. ಆಮೇಲೆ ಈ ವಿಷಯ ಡಾಕ್ಟರ್ ಅಥವಾ ಸಿಸ್ಟರ್ ಕಿವಿಗೆ ಹಾಕಿ. ಯಾವುದೋ ಊರಿನ ನಾಟಿ ಔಷಧಿ, ಯಾರಿಗೋ ಗೋಮೂತ್ರದಿಂದ ವಾಸಿಯಾದ ಕಥೆ, ನಿಮ್ಮ ದೇವರ ಪ್ರಸಾದ, ಫೋಟೋ, ಸ್ಟೇಟಸ್ಸು ಯಾವುದೂ ಬೇಡ.

ವಾಸನೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ನಮ್ಮಲ್ಲಿ ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಜಾಸ್ತಿ. ಕೆನ್ನೆ ತೂತಾಗಿ ಹುಣ್ಣು ಕೊಳೆತಾಗ ಬರುವ ವಾಸನೆಗೆ ನೆಂಟರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಡ್ರೆಸಿಂಗ್ ಮಾಡುವಾಗ ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸುತ್ತಾರೆ, ವಾಸನೆ ಎಷ್ಟೋ ಇಳಿಯುತ್ತದೆ. ಅದು ಸಿಸ್ಟರ್ ಕೆಲಸ. ಮೂಗಿಗೆ ಸೆರಗು ಹಿಡಿಯದೆ ಹತ್ತಿರ ಕೂರುವುದು ನಿಮ್ಮದು. ಮೊದಲ ದಿನ ಆಗದಿದ್ದರೆ ಹೊರಗೆ ಬಂದು ಗಾಳಿ ಕುಡಿದು ಮತ್ತೆ ಹೋಗಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಜೋರು ನೋವಿಗೆ ಕೊಡುವ, ಅಫೀಮಿನಿಂದ ತೆಗೆದ ಔಷಧಿ ಮಾರ್ಫಿನ್ ಬಗ್ಗೆಯೂ ಸ್ವಲ್ಪ ತಿಳಿದಿರಲಿ. ಚಟ ಹತ್ತುತ್ತದೆ ಎಂದು ಹೆದರಿ ಮನೆಯವರೇ ಮಾತ್ರೆ ಮುಚ್ಚಿಡುವುದುಂಟು. ಡಾಕ್ಟರ್ ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಆ ಭಯಕ್ಕೆ ಕಾರಣ ಬಹಳ ಕಡಿಮೆ. ನೋವು ಜೋರಾಗುವವರೆಗೆ ಕಾಯಬಾರದು. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಯಲ್ಲೇ ಔಷಧಿ ಕೊಡುತ್ತಾರೆ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕೆಂದರೆ ಹಲವು ಲೈಸೆನ್ಸ್ ಬೇಕಾಗಿ, ಎಷ್ಟೋ ಕಡೆ ಅದು ಸಿಗುತ್ತಲೇ ಇರಲಿಲ್ಲ. 2014ರ ತಿದ್ದುಪಡಿ ಅದನ್ನು ಸರಳ ಮಾಡಿತು. ಕಾಗದದ ತೊಡಕು ಕಡಿಮೆಯಾಯಿತು, ಮನೆಯವರ ಹೆದರಿಕೆ ಇನ್ನೂ ಇದೆ.

ಡಾಕ್ಟರಲ್ಲದವರಿಂದ ಏನಾಗುತ್ತೆ ಎಂದು ಕೇಳಿದ್ದೀರಿ. ಪಕ್ಕದ ಕೇರಳವನ್ನು ನೋಡಿ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜೊತೆಗಾರರು ನೋವು ನಿವಾರಣೆಯ ಕ್ಲಿನಿಕ್ ಶುರು ಮಾಡಿದರು. ಆಸ್ಪತ್ರೆಗೆ ಬರಲಾಗದವರ ಗತಿಯೇನು ಎಂದು ಯೋಚಿಸಿ, 2001ರ ಹೊತ್ತಿಗೆ ಕೆಲಸವನ್ನು ಊರವರ ಕೈಗೇ ಕೊಟ್ಟರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಸರಿ, ತರಬೇತಿ ಕೊಟ್ಟು ಸೇರಿಸಿಕೊಂಡರು. ವಿದ್ಯಾರ್ಥಿಗಳು ಬಂದರು, ನಿವೃತ್ತ ಮೇಷ್ಟ್ರುಗಳು ಬಂದರು, ಆಟೋದವರೂ ಬಂದರು. ನರ್ಸ್ ಹುಣ್ಣು ನೋಡಿದರೆ, ಪಕ್ಕದ ಬೀದಿಯವರು ಆ ಮನೆಯಲ್ಲಿ ಅಕ್ಕಿ ಮುಗಿದದ್ದನ್ನೂ ಮಗು ಸ್ಕೂಲು ಬಿಟ್ಟದ್ದನ್ನೂ ನೋಡಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ನೀತಿ ತಂದಿತು, ದೇಶದಲ್ಲೇ ಮೊದಲು. ನಮ್ಮಲ್ಲಿ ಬೆಂಗಳೂರಿನ ಮಾರತಹಳ್ಳಿ ಹತ್ತಿರ ಕರುಣಾಶ್ರಯ ಎಂಬ ಸಂಸ್ಥೆ 1999ರಿಂದ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ, ಮನೆಗಳಿಗೂ ಹೋಗುತ್ತದೆ. ಕೇರಳದ ಹಾಗೆ ಊರೂರಲ್ಲಿ ಹಬ್ಬಬೇಕಾದದ್ದು ಇನ್ನೂ ಬಹಳ ಇದೆ.

ಅಳು ಬಂದರೆ ಬರಲಿ. ಆದರೆ ಅವರೇ ನಿಮಗೆ ಸಮಾಧಾನ ಹೇಳುವಷ್ಟು ಆಗಬಾರದು. ಈ ಕಾರಣಕ್ಕೇ ನಿಮಗೆ ಇಷ್ಟವಾಗದ ಒಂದು ಮಾತು ಹೇಳಬೇಕಾಗಿದೆ. ಸ್ವಲ್ಪ ತಡೆಯಿರಿ. ಮನೆಯಲ್ಲಿ ಸಾವಾದರೆ ಒಂದು ವರ್ಷವಾದರೂ ಕಳೆಯಲಿ ಎನ್ನುವ ಸಂಸ್ಥೆಗಳಿವೆ, ಅದು ಸರಿ ಎಂದೇ ನನ್ನ ಅನಿಸಿಕೆ. ಐದು ತಿಂಗಳಿಗೆ ಪ್ರತಿ ಮಂಚದ ಮೇಲೂ ನಿಮಗೆ ತಂಗಿಯೇ ಕಾಣುತ್ತಾರೆ. ಅಷ್ಟರೊಳಗೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಏನು ವ್ಯವಸ್ಥೆ ಇದೆ ಎಂದು ವಿಚಾರಿಸಿ. ಯಾವ ಸ್ಕೀಮಿಗೆ ಯಾವ ಕಾಗದ ಬೇಕು ಎಂದು ತಿಳಿದುಕೊಳ್ಳಿ, ಅದೇ ಮುಂದೆ ನಿಮಗೆ ಜಾಸ್ತಿ ಬಳಕೆಗೆ ಬರುತ್ತದೆ. ತರಬೇತಿ ಇಲ್ಲದೆ ಮಾತ್ರ ವಾರ್ಡಿಗೆ ಕಾಲಿಡಬೇಡಿ.

ಮಂಗಳವಾರ, ಶುಕ್ರವಾರ ಎರಡೂ ದಿನ ಬಿಡುವಿದೆ ಎಂದಿದ್ದೀರಿ. ಮೊದಲು ಒಂದೇ ದಿನ ಒಪ್ಪಿಕೊಳ್ಳಿ. ಬರಲಾಗದ ವಾರ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಮಂಗಳವಾರ ಆ ಅಮ್ಮ ಬರ್ತಾರೆ, ಆಗ ಬ್ಯಾಂಕಿಗೆ ಹೋಗಿಬರೋಣ ಎಂದು ಯಾರೋ ಲೆಕ್ಕ ಹಾಕಿಕೊಂಡಿರುತ್ತಾರೆ.

— ಸಂಪಾದಕ