ಅಠಾರಾ ಕಚೇರಿ ಬಗ್ಗೆ ನೀವು ಕೇಳಿದ್ದಕ್ಕೆ

ಬೆಂಗಳೂರಲ್ಲಿ ವಿಧಾನಸೌಧದ ಎದುರಿಗಿರೋ ಕೆಂಪು ಬಿಲ್ಡಿಂಗ್, ಅಂದ್ರೆ ಈಗ ಹೈಕೋರ್ಟ್ ಇರೋ ಅಠಾರಾ ಕಚೇರಿ, ಮೊದಲಿಂದಲೂ ಕೋರ್ಟೇನಾ, ಎರಡೂ ಒಟ್ಟಿಗೇ ಕಟ್ಟಿದ್ದಾ ಅಂತ ಕೇಳಿದೀರಲ್ಲ, ಎರಡೂ ಅಲ್ಲ ಸರ್. ಕೆಂಪು ಕಟ್ಟಡ ಮುಗಿದಿದ್ದು 1868ರಲ್ಲಿ, ವಿಧಾನಸೌಧ 1956ರಲ್ಲಿ, ಅಂದ್ರೆ ಹೆಚ್ಚುಕಮ್ಮಿ ತೊಂಬತ್ತು ವರ್ಷ ವ್ಯತ್ಯಾಸ. ಕೆಂಪು ಕಟ್ಟಡ ಕಟ್ಟೋ ಕಾಲಕ್ಕೆ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು, ಸರ್ಕಾರದ ಆಫೀಸುಗಳೆಲ್ಲ ಕೋಟೆ ಹತ್ರ ಟಿಪ್ಪು ಅರಮನೆಯಲ್ಲಿ ನಡೀತಿದ್ವು, ಬೌರಿಂಗ್ ಕಮಿಷನರ್ ಆಗಿದ್ದಾಗ ಈ ಕಟ್ಟಡ ಎದ್ದು ಹದಿನೆಂಟು ಇಲಾಖೆ ಇಲ್ಲಿಗೆ ಬಂದ್ವು, ಅದಕ್ಕೇ ಅಠಾರಾ (ಹಿಂದಿ-ಉರ್ದುವಲ್ಲಿ ಹದಿನೆಂಟು) ಕಚೇರಿ ಅನ್ನೋ ಹೆಸರು. ವಿಧಾನಸೌಧ ರೆಡಿಯಾಗಿ ಸೆಕ್ರೆಟರಿಯೇಟ್ ಅಲ್ಲಿಗೆ ಹೋದ ಮೇಲೇನೇ ಹೈಕೋರ್ಟ್ ಇಲ್ಲಿಗೆ ಬಂದಿದ್ದು.

ಇಷ್ಟು ಹಳೇದನ್ನ ಯಾಕೆ ಕೆಡವಲಿಲ್ಲ ಅಂದ್ರಲ್ಲ, ಕೆಡವೋಕೆ ಹೊರಟಿದ್ರು! 1980ರ ದಶಕದಲ್ಲಿ ಸರ್ಕಾರ ಇದನ್ನ ನೆಲಸಮ ಮಾಡಿ ಹೊಸದು ಕಟ್ಟೋ ಪ್ಲಾನ್ ಮಾಡಿತ್ತು, ಊರಿನ ಜನ ವಿರೋಧ ಮಾಡಿದ್ರು, ಕೇಸ್ ಹಾಕಿದ್ರು, ಆ ಕೇಸ್ ವಿಚಾರಣೆ ನಡೆದಿದ್ದೂ ಇದೇ ಹೈಕೋರ್ಟಲ್ಲೇ ನೋಡಿ. ಕೊನೆಗೆ ಕಟ್ಟಡ ಉಳೀತು. ಬೆಂಗಳೂರಲ್ಲಿ ಎಷ್ಟೋ ಹಳೇ ಬಂಗಲೆಗಳು ಕೇಳೋರಿಲ್ಲದೆ ಹೋದ್ವು, ಇದೊಂದಕ್ಕಾದ್ರೂ ಜನ ನಿಂತರಲ್ಲ ಅಂತ ನನಗೆ ನಿಜಕ್ಕೂ ಹೆಮ್ಮೆ.

ಕಬ್ಬನ್ ಪಾರ್ಕ್ ಕಡೆಯಿಂದ ನಡ್ಕೊಂಡು ಹೋಗಿ ನೋಡಿ, ಕಂಬಗಳ ತಲೆ ಮೇಲೆ ಎರಡೂ ಕಡೆ ಸುರುಳಿ ಸುತ್ತಿದಂಗೆ ಕೆತ್ತನೆ ಇದೆ, ಅದು ಗ್ರೀಕರ ಅಯಾನಿಕ್ ಶೈಲಿ. ರಸ್ತೆ ದಾಟಿದ್ರೆ ವಿಧಾನಸೌಧದ ದ್ರಾವಿಡ ಶೈಲಿ ಕಂಬಗಳು, ಎರಡನ್ನೂ ಒಂದೇ ಸಲಕ್ಕೆ ಹೋಲಿಸಿ ನೋಡಬಹುದು.