ಕಾಗುಣಿತ ತಿದ್ದುವ ಆಟಗಳು

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಹಲವು ಮಕ್ಕಳ ಮನೆಮಾತು ಕೊಂಕಣಿ. ಅಂತ್ಯಾಕ್ಷರಿಯಲ್ಲಿ ಉತ್ಸಾಹದಿಂದ ಪದ ಹೇಳುವವರೇ ಉಕ್ತಲೇಖನದಲ್ಲಿ ದೀರ್ಘವನ್ನೂ ಒತ್ತಕ್ಷರವನ್ನೂ ಬಿಟ್ಟು ಬರೆಯುತ್ತಾರೆ. ಪದಸಂಪತ್ತಿನ ಜೊತೆಗೆ ಕಾಗುಣಿತವನ್ನೂ ಸುಧಾರಿಸುವ ಆಟಗಳನ್ನು ತಿಳಿಸುವಿರಾ?
— ಓರ್ವ ಶಿಕ್ಷಕಿ, ಅಂಕೋಲಾ

ಉತ್ತರ: ಅಂತ್ಯಾಕ್ಷರಿ ಬಾಯಿಮಾತಿನ ಆಟವಾದ್ದರಿಂದ ಅದರಲ್ಲಿ ಪದಗಳು ನೆನಪಿಗೆ ಬರುತ್ತವೆಯೇ ಹೊರತು ಅವುಗಳ ಬರಹರೂಪ ಗಟ್ಟಿಯಾಗುವುದಿಲ್ಲ. ಹೇಳುವ ಮೊದಲು ಪದವನ್ನು ಸ್ಲೇಟಿನಲ್ಲಿ ಬರೆದು ತೋರಿಸಬೇಕೆಂಬ ಒಂದು ನಿಯಮ ಸೇರಿಸಿದರೂ ಅದೇ ಆಟ ಹೆಚ್ಚು ಉಪಯುಕ್ತವಾಗುತ್ತದೆ.

ಆದರೆ ಬರೆಯುವುದಕ್ಕಿಂತ ಮೊದಲು ಕಿವಿ ಪಳಗಬೇಕು. ಬೆಳೆ–ಬೇಳೆ, ಕೊಡು–ಕೋಡು, ಕತೆ–ಕತ್ತೆ, ಕಡಿ–ಕಡ್ಡಿ ಮುಂತಾದ ಜೋಡಿಗಳನ್ನು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳಂತೆ ಗೆರೆ ಎಳೆದು ಬರೆಯಿರಿ. ನೀವು ಹೇಳಿದ ಪದದ ಮನೆಗೆ ಮಗು ಕುಂಟಿಕೊಂಡು ಹೋಗಿ ಅದರ ಅರ್ಥ ಹೇಳಲಿ. ಎ–ಏ, ಒ–ಓ ಭೇದದಿಂದ ಅರ್ಥವೇ ಬದಲಾಗುವ ರೂಢಿ ಕೊಂಕಣಿಯಲ್ಲಿ ಕನ್ನಡದಷ್ಟು ಇಲ್ಲದಿರುವುದರಿಂದ ಆ ಮಕ್ಕಳಿಗೆ ಇಂತಹ ಜೋಡಿಗಳು ಹೆಚ್ಚು ಬೇಕು. ಮಹಾಪ್ರಾಣದ ವಿಷಯದಲ್ಲಿ ಮಾತ್ರ ಅವರು ಮುಂದಿದ್ದಾರು: ಮನೆಗೆ 'ಘರ' ಎನ್ನುವ ಮಗುವಿನ ನಾಲಿಗೆಗೆ ಘಕಾರ ಹೊಸದಲ್ಲ. ಮಹಾಪ್ರಾಣದ ಆಟಗಳಿಗೆ ಅವರನ್ನೇ ಮುಂದಾಳುಗಳನ್ನಾಗಿ ಮಾಡಿ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಶಿಫಾರಸು ಮಾಡುವುದು ಪದಬಂಧವನ್ನು. ಕನ್ನಡದ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣ ಅಕ್ಷರ, ಅದರ ಗುಣಿತ ಮತ್ತು ಒತ್ತಿನೊಂದಿಗೆ, ಬರುತ್ತದೆ. ಎಡದಿಂದ ಬಲಕ್ಕೆ 'ಬೇಳೆ', ಮೇಲಿನಿಂದ ಕೆಳಕ್ಕೆ 'ಬೇಲಿ' ಇರುವಾಗ ಮಗು ಮೊದಲ ಚೌಕದಲ್ಲಿ 'ಬೆ' ಎಂದು ಬರೆದರೆ 'ಬೆಳೆ' ಸರಿಯೆಂದೇ ತೋರಬಹುದು. ಆದರೆ ಕೆಳಮುಖವಾಗಿ 'ಬೆಲಿ' ಎಂಬ ಅರ್ಥವಿಲ್ಲದ ಪದ ಉಳಿಯುವುದರಿಂದ, ಶಿಕ್ಷಕರ ಕೆಂಪು ಶಾಯಿಗೆ ಕಾಯದೆ ಮಗುವೇ ತನ್ನ ತಪ್ಪನ್ನು ಕಂಡುಕೊಳ್ಳುತ್ತದೆ. ಪತ್ರಿಕೆಗಳ ಪದಬಂಧಗಳು ದೊಡ್ಡವರಿಗಾಗಿ ಇರುವಂಥವು, ಆದ್ದರಿಂದ ನೀವೇ ಚಿಕ್ಕದಾಗಿ ರಚಿಸಿ. ದೋಣಿ, ಬಲೆ, ಏಡಿ, ಬಂಗಡೆ, ಗಜನಿ (ಉಪ್ಪುನೀರು ನುಗ್ಗುವ ಕರಾವಳಿಯ ಗದ್ದೆ), ಉಪ್ಪು ಮಕ್ಕಳು ದಿನವೂ ಕಾಣುವಂಥವೇ. ಜಿಲ್ಲೆಯ ನದಿಗಳಾದ ಕಾಳಿ, ಗಂಗಾವಳಿ, ಶರಾವತಿಗಳೂ ಸೇರಲಿ. 'ಅಘನಾಶಿನಿ' ಎಂಬ ಐದು ಚೌಕಗಳಲ್ಲಿಯೇ ಮಹಾಪ್ರಾಣ, ದೀರ್ಘ, ಶಕಾರ ಮೂರರ ಅಭ್ಯಾಸವೂ ಆಗುತ್ತದೆ. ಶಿರಸಿ ಕಡೆಯ ಶಿಕ್ಷಕರು ಅಡಿಕೆ, ಏಲಕ್ಕಿ, ಕಾಳುಮೆಣಸುಗಳಿಂದ ಆರಂಭಿಸಬಹುದು.

ಮಿಂಚುಪಟ್ಟಿಗಳನ್ನು (ಅಕ್ಷರ ಬರೆದ ಫ್ಲ್ಯಾಷ್ ಕಾರ್ಡುಗಳನ್ನು) ಕಲಸಿ ಪದ ಜೋಡಿಸುವ ಆಟದಲ್ಲಿಯೂ ಒತ್ತನ್ನು ಬೇರ್ಪಡಿಸಬೇಡಿ. 'ಉಪ್ಪು' ಎಂಬುದು 'ಉ', 'ಪ್ಪು' ಎಂಬ ಎರಡೇ ಪಟ್ಟಿಗಳಾಗಲಿ.

ತಪ್ಪಿದವರನ್ನು ಹೊರಗೆ ಕೂರಿಸುವ ಸ್ಪರ್ಧೆಗಳನ್ನು ದಯವಿಟ್ಟು ಕೈಬಿಡಿ. ಅಭ್ಯಾಸ ಅತ್ಯಗತ್ಯವಾಗಿರುವ ಮಗುವೇ ಅಲ್ಲಿ ಮೊದಲು ಹೊರಬೀಳುತ್ತದೆ. ಇಬ್ಬಿಬ್ಬರನ್ನು ಜೊತೆಗೂಡಿಸಿ ಆಡಿಸಿ, ವಾರದ ಕೊನೆಯ ಉಕ್ತಲೇಖನಕ್ಕೆ ಆ ವಾರ ಆಟದಲ್ಲಿ ಬಂದ ಪದಗಳನ್ನೇ ಕೊಡಿ, ಹಾಗೂ ಜೊತೆಗಾರರಿಬ್ಬರೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪದಬಂಧದೊಂದಿಗೆ ಹೋಲಿಸಿ ತಿದ್ದಲಿ.