ಭತ್ತದ ಗದ್ದೆಯ ಮೀಥೇನ್ ಅಳೆಯಲು ಯಾವ ಮೀಟರ್ ತಗೊಳ್ಳಲಿ?

ಯಾವುದೂ ಬೇಡ. ಎರಡು ಎಕರೆ ಭತ್ತ, ನಿಂತ ನೀರಿನ ಕೆಸರಿನಿಂದ ಏಳುವ, ಭೂಮಿ ಬಿಸಿ ಮಾಡುವ ಮೀಥೇನ್ ಅನಿಲ ಕಡಿಮೆ ಮಾಡಬೇಕು, ಅದಕ್ಕೆ ಮೊದಲು ಅಳೆಯಬೇಕು ಅಂದಿದ್ದೀರಿ. ನಾನೂ ಹಾಗೇ ಹೊರಟವನು.

ನಮ್ಮದು ಮದ್ದೂರು ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಆನ್‌ಲೈನಲ್ಲಿ ಅಗ್ಗದ ಗ್ಯಾಸ್ ಸೆನ್ಸರ್ ತರಿಸಿ, ಡಬ್ಬಕ್ಕೆ ಹಾಕಿ, ಬದುವಿನ ಗೂಟಕ್ಕೆ ಕಟ್ಟಿದೆ. ಬೆಳಗಿನ ಜಾವ ಅಂಕಿ ಏರುತ್ತಿತ್ತು, ಮಧ್ಯಾಹ್ನ ಇಳಿಯುತ್ತಿತ್ತು. ಕಾಫಿಗೂ ಮುಂಚೆ ಮೊಬೈಲಲ್ಲಿ ಅದನ್ನೇ ನೋಡುತ್ತಿದ್ದೆ.

ಹೊಡೆ ಬರುವ, ಅಂದರೆ ಪೈರಿನ ಒಳಗೆ ತೆನೆ ಮೂಡುವ ಹೊತ್ತಿಗೆ ನಾಲ್ಕು ದಿನ ಮೋಡ, ತುಂತುರು. ಅಂಕಿ ಏರಿದ್ದು ಇಳಿಯಲೇ ಇಲ್ಲ. ಗದ್ದೆ ಮೀಥೇನ್ ಕಕ್ಕುತ್ತಿದೆ ಅಂದುಕೊಂಡು ಬದು ಕಡಿದು ನೀರು ಬಿಟ್ಟೆ. ಅಪ್ಪ ಓಡಿ ಬಂದರು. "ಹೊಡೆ ಬತ್ತಾ ಅದೆ, ಈಗ ನೀರ್ ತೆಗುದ್ರೆ ಜೊಳ್ಳಾಯ್ತದೆ ಕಣ್ಲಾ!" ನಾನು ಮೊಬೈಲ್ ತೋರಿಸಿದೆ. ಮಾರನೇ ದಿನ ಅಂಕಿ ಇಳಿಯಿತು ಕೂಡ. ನನ್ನ ಬೀಗುವಿಕೆ ಕೇಳಬೇಡಿ.

ಆಮೇಲೆ ಸುಡುಬಿಸಿಲು. ಮುಂದಿನ ಕಟ್ಟು ನೀರು (ನಾಲೆಯಲ್ಲಿ ಸರದಿ ಪ್ರಕಾರ ಬಿಡುವ ನೀರು) ಬರುವಷ್ಟರಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಕೊಯ್ಲಿನಲ್ಲಿ ತೆನೆ ಎತ್ತಿದರೆ ತೂಕವೇ ಇಲ್ಲ. ಬೆರಳಲ್ಲಿ ಹಿಸುಕಿದರೆ ಮೂರಕ್ಕೊಂದು ಕಾಳು ಖಾಲಿ.

ಆಗಿದ್ದಿಷ್ಟು. ಅಂಥ ಸೆನ್ಸರ್ ಇರುವುದು ಗ್ಯಾಸ್ ಸೋರಿಕೆ ಹಿಡಿಯಲು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರಾರು ಭಾಗ ಮೀಥೇನ್ ಇದ್ದರೆ ಅದಕ್ಕೆ ಗೊತ್ತಾಗುತ್ತದೆ. ಬಯಲ ಗಾಳಿಯಲ್ಲಿರುವುದು ಸುಮಾರು 2 ಭಾಗ. ತೇವಕ್ಕೆ ಮಾತ್ರ ಚೆನ್ನಾಗಿ ಕುಣಿಯುತ್ತದೆ. ನಾನು ಎರಡು ತಿಂಗಳು ಅಳೆದದ್ದು ಇಬ್ಬನಿಯನ್ನು! ಅಂಕಿ ಇಳಿದದ್ದೂ ನೀರು ಬಿಟ್ಟಿದ್ದಕ್ಕಲ್ಲ, ಮೋಡ ಸರಿದಿದ್ದಕ್ಕೆ. ದುಬಾರಿ ಮೀಟರ್ ತಂದರೂ ಬದುವಿನ ಮೇಲೆ ಸಿಗುವುದು ಗಾಳಿ ಹೊತ್ತು ತಂದದ್ದು, ನಿಮ್ಮ ಗದ್ದೆ ಬಿಟ್ಟದ್ದಲ್ಲ. ವಿಜ್ಞಾನಿಗಳು ಪೈರಿನ ಮೇಲೆ ಪೆಟ್ಟಿಗೆ ಕವುಚಿ, ನಿಮಿಷ ಲೆಕ್ಕ ಹಾಕಿ ಸಿರಿಂಜಿನಲ್ಲಿ ಗಾಳಿ ಎಳೆದು ಲ್ಯಾಬಿನಲ್ಲಿ ನೋಡುತ್ತಾರೆ. ಪಕ್ಕದ ಕೆಸರು ತುಳಿದರೂ ಗುಳ್ಳೆ ಎದ್ದು ಲೆಕ್ಕ ಕೆಡುತ್ತದೆ ಅಂತ ಹಲಗೆ ಹಾಕಿಕೊಂಡು ನಡೆಯುತ್ತಾರೆ. ಅದು ನಮ್ಮ ಕೆಲಸ ಅಲ್ಲ.

ನೀವು ನೀರು ಅಳೆಯಿರಿ. 30 ಸೆಂ.ಮೀ. ಪಿವಿಸಿ ಪೈಪಿನ ಕೆಳಗಿನ 20 ಸೆಂ.ಮೀ.ಗೆ ತೂತು ಕೊರೆದು, ಅಷ್ಟನ್ನೂ ಹೂತು, ಒಳಗಿನ ಕೆಸರು ತೆಗೆಯಿರಿ. ನಾಟಿಯಾದ ಎರಡು ವಾರ ನೀರು ನಿಲ್ಲಿಸಿ, ಇಲ್ಲದಿದ್ದರೆ ಕಳೆ ಜಾಸ್ತಿ. ಆಮೇಲೆ ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಗದ್ದೆಗೆ ಮತ್ತೆ ನೀರು ಕಟ್ಟಿ. ಮಣ್ಣಿಗೆ ಗಾಳಿ ಹೋದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಆಟ ನಿಲ್ಲುತ್ತದೆ. ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ಇಳಿಯುತ್ತದೆ. ಹೂವಿಗೆ ಒಂದು ವಾರ ಮುಂಚೆ, ಒಂದು ವಾರ ಆಮೇಲೆ ಮಾತ್ರ ನಿಂತ ನೀರು ಇಳಿಯಲು ಬಿಡಬೇಡಿ. ದಮ್ಮಯ್ಯ! ನಾಲೆ ಕೊನೆಯಲ್ಲಿದ್ದು ಬೋರ್ ಇಲ್ಲದಿದ್ದರೆ ಇದಕ್ಕೆ ಕೈ ಹಾಕುವ ಮುಂಚೆ ಕಟ್ಟಿನ ದಿನ ವಿಚಾರಿಸಿ.

ಮೀಥೇನ್ ಗಾಳಿಯಲ್ಲಿರುವುದು ಸುಮಾರು 12 ವರ್ಷ. ಆದರೆ 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 80 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಈಗ ಇಳಿಸಿದರೆ ಫಲ ನಮ್ಮ ಕಾಲಕ್ಕೇ ಕಾಣುತ್ತದೆ, ಅದಕ್ಕೇ ಪೈಪು ಬಿಟ್ಟಿಲ್ಲ. ದಿನಾ ಕಡ್ಡಿ ಇಳಿಸಿ ನೋಡುವುದು ಈಗ ಅಪ್ಪನ ಕೆಲಸ, ನನ್ನನ್ನು ನಂಬುವುದಿಲ್ಲ. ಸೆನ್ಸರ್ ಗೋಬರ್ ಗ್ಯಾಸ್ ಒಲೆ ಪಕ್ಕ ಇದೆ. ಹೋದ ತಿಂಗಳು ಪೈಪ್ ಸೋರಿದಾಗ ಕೂಗಿತು.